ಕಣ್ಣಿಲ್ಲದ ಸಾರಸ

ಶವಪೆಟ್ಟಿಗೆ ಮುಚ್ಚುವುದು ಮಧ್ಯಾಹ್ನಕ್ಕೆ. ಸುಯುನಳ ತಲೆಯಡಿ ಇಡಬೇಕಾದ ದಿಂಬು ಇನ್ನೂ ಗೆಳತಿ ರುಯಿಫಾಂಗಳ ತೊಡೆಯ ಮೇಲೇ ಇತ್ತು. ನೀಲಿ ರೇಷ್ಮೆಯ ಮೇಲೆ ಕೆಂಪು ನೆತ್ತಿಯ ಸಾರಸವೊಂದು ರೆಕ್ಕೆ ಬಿಚ್ಚಿ ಪಡುವಣಕ್ಕೆ ಹೊರಟಿತ್ತು. ಕಣ್ಣು ಮಾತ್ರ ಇರಲಿಲ್ಲ. ಸತ್ತವರನ್ನು ಬೆನ್ನ ಮೇಲೆ ಹೊತ್ತೊಯ್ಯುವ ಹಕ್ಕಿಗೆ ಕಣ್ಣಿಲ್ಲದಿದ್ದರೆ ದಾರಿ ಕಾಣುವುದು ಹೇಗೆ?

"ಅಂಗಡೀಲಿ ಬೇರೆ ದಿಂಬು ಸಿಗುತ್ತೆ ಚಿಕ್ಕಮ್ಮ, ತಂದ್ಬಿಡ್ತೀನಿ," ಎಂದಳು ಸುಯುನಳ ಸೊಸೆ.

"ನಿಮ್ಮತ್ತೆ ಅಂಗಡಿ ಹಕ್ಕೀನ ಹತ್ತೋಳಲ್ಲ. ಕಪ್ಪು ದಾರ ಕೊಡು."

ತೈಹು ಸರೋವರದಂಚಿನ ಆ ಊರಲ್ಲಿ ಸುಯುನ್ ಮದುವೆಯ ದಿಂಬುಗಳಿಗೆ ಜೋಡಿಬಾತುಗಳ ಕಸೂತಿ ಹಾಕಿ ಬದುಕಿದವಳು. ಹಕ್ಕಿಗೆ ಕಣ್ಣು ಇಡುವುದು ಕೊನೆಗೆ. ಇಟ್ಟಮೇಲೆ ಅದಕ್ಕೆ ಜೀವ ಬಂತೆಂದೇ ಲೆಕ್ಕ, ಮತ್ತೆ ಬಿಚ್ಚುವಂತಿಲ್ಲ. ಗಂಡ ಸತ್ತ ವರ್ಷ ಬಾತುಗಳ ಕೆಲಸ ಅವಳ ಬಾಗಿಲಿಗೆ ಬರುವುದು ನಿಂತಿತು. ವಿಧವೆ ಹೊಲಿದ ಜೋಡಿ ಅಗಲುತ್ತದೆಂದು ಊರು ನಂಬಿತ್ತು. ಆಮೇಲೆ ಮುದುಕರ ಆಯುಸ್ಸು ಹೆಚ್ಚಲೆಂದೂ ಸತ್ತವರ ಪಯಣಕ್ಕೆಂದೂ ಅವಳು ಹೊಲಿದದ್ದು ಬರೀ ಸಾರಸ. ಅವಳು ಯಾರನ್ನೂ ದೂರಲಿಲ್ಲ.

ಹಾಗಿದ್ದೂ ರುಯಿಫಾಂಗ್ ತನ್ನ ಮಗಳ ಮದುವೆಯ ದಿಂಬಿಗೆ ಕೆಂಪು ರೇಷ್ಮೆಯನ್ನು ಅವಳಲ್ಲಿಗೇ ಒಯ್ದಳು. ವಿಧವೆಯ ಕೈಗೆ ಕೊಡುವುದೇ ಎಂದು ರುಯಿಫಾಂಗಳ ಅತ್ತೆ ರಂಪ ಮಾಡಿದ್ದರು. ಸುಯುನ್ ಒಂದೊಂದು ಗರಿಯನ್ನೂ ಹೊಲಿದು ಮುಗಿಸಿ, ಸೂಜಿಯನ್ನು ಗೆಳತಿಯ ಕೈಗಿಟ್ಟಳು.

"ಕಣ್ಣು ನೀನಿಡು. ನಿನ್ನ ಗಂಡ ಗುಂಡುಕಲ್ಲಿನ ಹಾಗಿದಾನೆ."

ರುಯಿಫಾಂಗಳ ಹೊಲಿಗೆ ಗೋಣಿಚೀಲಕ್ಕೆ ಲಾಯಕ್ಕು. ಗಂಡುಬಾತಿನ ಕಣ್ಣು ಮೇಲಕ್ಕೆ ಸರಿದುಹೋಯಿತು.

"ಹೆಂಡತಿ ಪಕ್ಕದಲ್ಲಿದ್ರೂ ಸೂರು ನೋಡ್ತಿದಾನಲ್ಲೇ ಇವನು," ಎಂದು ಸುಯುನ್ ನಕ್ಕಳು.

"ನಮ್ಮನೆಯವರೂ ಹಂಗೇ ಅಕ್ಕ. ಬಾಳ್ವೆ ಮಾಡಿಲ್ವಾ?"

ಆ ಮಗಳ ಸಂಸಾರ ಚೆನ್ನಾಗಿಯೇ ನಡೆದಿದೆ.

ಹಾಸಿಗೆ ಹಿಡಿದ ಮೇಲೆ ಸುಯುನ್ ತನ್ನ ಸಾರಸವನ್ನು ತಾನೇ ಹೊಲಿದುಕೊಂಡಳು. ಕಾಲಿನ ಗೆಣ್ಣುಗಳೂ ಮುಗಿದವು.

"ಕಣ್ಣು ಯಾಕಕ್ಕ ಬಿಟ್ಟೆ?"

"ಈಗ್ಲೇ ಇಟ್ರೆ ಈಗ್ಲೇ ಹಾರುತ್ತೆ. ಆಮೇಲೆ ಇಡೋಕೆ ನೀನಿದೀಯಲ್ಲ."

ರುಯಿಫಾಂಗ್ ಇಷ್ಟು ಹೊತ್ತು ಸೂಜಿ ಮುಟ್ಟದೆ ಕೂತಿದ್ದು ಅದಕ್ಕೇ. ಕಣ್ಣಿಟ್ಟರೆ ಹಕ್ಕಿ ಹೊರಡುತ್ತದೆ. ಅಂಗಳದಲ್ಲಿ ಗಂಡಸರು ಪೆಟ್ಟಿಗೆಯ ಮುಚ್ಚಳ ಎತ್ತಿ ನಿಂತರು. ಅವಳು ದಾರ ಪೋಣಿಸಿದಳು.

ಕಣ್ಣು ಈ ಸಲ ಹಿಂದಕ್ಕೆ ಸರಿಯಿತು. ಸಾರಸ ಮುಂದಿನ ದಾರಿ ಬಿಟ್ಟು, ಬೆನ್ನ ಮೇಲೆ ಕೂತವರು ಸರಿಯಾಗಿ ಕೂತಿದ್ದಾರೋ ಎಂದು ನೋಡುವ ಹಾಗಿತ್ತು. ಬಿಚ್ಚುವಂತಿರಲಿಲ್ಲ. ರುಯಿಫಾಂಗ್ ದಾರ ಕಚ್ಚಿ ತುಂಡರಿಸಿ, ದಿಂಬನ್ನು ತಾನೇ ಒಯ್ದು ಸುಯುನಳ ತಲೆಯಡಿ ಇಟ್ಟಳು.