ಹಿಂದಕ್ಕೆ ನಡೆಯುವ ಅಕ್ಕ

ಊರೆಲ್ಲ ಅಕ್ಕ ಎಂದು ಕರೆಯುವ ಆಕೆ ಮೂವತ್ತು ವರ್ಷಗಳಿಂದ ಆ ಕಡಲತೀರದ ಮೇಲೆ ಹಿಂದಕ್ಕೇ ನಡೆದಿದ್ದಾಳೆ. ಉದ್ದ ಕೋಲಿನ ತುದಿಗೆ ಅಡ್ಡ ಹಲಗೆ ಬಡಿದಿರುತ್ತದೆ. ಅದನ್ನು ಮುಂದೆ ಚಾಚಿ, ತನ್ನತ್ತ ಎಳೆಯುತ್ತ, ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಾಳೆ. ಸಿನಿಮಾದವರು ತುಳಿದು ಹಾಳುಮಾಡಿದ ಮರಳು ಹಾಸಿದ ಬಟ್ಟೆಯಂತೆ ನುಣುಪಾಗುತ್ತ ಬರುತ್ತದೆ. ಅವಳ ಸ್ವಂತ ಹೆಜ್ಜೆಯೂ ಉಳಿಯುವುದಿಲ್ಲ. ಪ್ರತಿ ಟೇಕಿಗೂ ತೀರ ಹೊಸದಾಗಬೇಕು. ಯಾರೂ ಕಾಲಿಡದ ಜಾಗಕ್ಕೆ ನಾಯಕಿಯೇ ಮೊದಲು ಬಂದಂತೆ ಕಾಣಬೇಕು.

ಈ ಕೆಲಸ ಅತ್ತೆಯಿಂದ ಬಂದದ್ದು. ಊರಿಗೆ ಮೊದಲ ಕ್ಯಾಮೆರಾ ಬಂದಾಗ ಸಿನಿಮಾ ಇನ್ನೂ ಕಪ್ಪುಬಿಳುಪು. ಮರಳಿನ ತುಂಬ ಹೆಜ್ಜೆ ಗುರುತು ಕಂಡು ನಿರ್ದೇಶಕರು ತಲೆ ಚಚ್ಚಿಕೊಳ್ಳುತ್ತಿದ್ದರಂತೆ. ಮೀನು ಒಣಹಾಕುತ್ತಿದ್ದ ಅತ್ತೆ ಒಂದು ಹಲಗೆ ತಂದು ಎಳೆದುಬಿಟ್ಟರಂತೆ. ಆಮೇಲೆ ಊರು ಎಷ್ಟೋ ವೇಷ ಹಾಕಿತು. ಕ್ಷೌರದಂಗಡಿ ಮೂರು ಸಲ ಪೊಲೀಸ್ ಠಾಣೆಯಾಯಿತು. ಐಸ್ ಕಾರ್ಖಾನೆಯಲ್ಲಿ ಖಳನಾಯಕರು ಸಾಲುಸಾಲಾಗಿ ಸತ್ತರು. ಶೂಟಿಂಗ್ ನಡೆಯುತ್ತಿದೆ ಎಂದು ಗೊತ್ತಾದರೆ ಸಾಕು, ಇಲ್ಲಿಯವರು ಈಗಲೂ ನಿಂತಲ್ಲೇ ಕಂಬವಾಗುತ್ತಾರೆ, ಕೆಮ್ಮು ಬಂದರೂ ನುಂಗಿಕೊಳ್ಳುತ್ತಾರೆ.

ಅವಳ ನಾದಿನಿಯ ಕಸುಬು ಮುಳುಗುವುದು. ಈಜು ಬಾರದ ನಾಯಕಿಯರ ಬಟ್ಟೆ ತೊಟ್ಟು, ಅವರ ಬದಲಿಗೆ ಹದಿಮೂರು ಸಿನಿಮಾಗಳಲ್ಲಿ ಮುಳುಗಿದ್ದಾಳೆ. ಮೊದಲ ಸಲ ಎಷ್ಟು ಸಹಜವಾಗಿ ಕೂಗಿದಳೆಂದರೆ, ದೋಣಿಗಳು ನಿಲ್ಲುವ ದಕ್ಕೆಯಲ್ಲಿದ್ದ ದೋಣಿಯವನು ನೀರಿಗೆ ಹಾರಿ ಅವಳನ್ನು ಎತ್ತಿಕೊಂಡೇ ಬಂದ. ಶಾಟ್ ಕೆಟ್ಟಿತು. ನಿರ್ದೇಶಕರು ಬೈದರು, ಊರು ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಅಂದಿನಿಂದ ಅವನಿಗೆ 'ಹೀರೋ' ಎಂದೇ ಹೆಸರು.

ಅತ್ತಿಗೆ ನಾದಿನಿಗೆ ಒಂದೇ ಮನೆ, ಒಂದೇ ಒಲೆ, ದಿನಕ್ಕೆರಡು ಜಗಳ. ಮೊನ್ನೆ ಬೆಳಗಿನ ಜಗಳ ಜ್ವರದ್ದು.

"ಮೈ ಸುಡ್ತಿದೆ. ಇವತ್ತು ನೀರಿಗಿಳೀಬೇಡ ಕಣೆ."

"ನೀನು ನಿನ್ನ ಮರಳು ನೋಡ್ಕೋ ಅತ್ತಿಗೆ. ಸಮುದ್ರ ನನ್ನದು."

"ಓಹೋ, ನಿಮ್ಮಪ್ಪ ಬರ್ಕೊಟ್ಟ ಆಸ್ತಿ ನೋಡು!"

ಅಂದು ನಾಯಕಿ ಮರಳಿನ ಮೇಲೆ ನಡೆದು ಕಡಲಿಗಿಳಿಯುವ ದೃಶ್ಯವಿತ್ತು. ಅವಳು ಸೊಂಟದವರೆಗೆ ನೀರಿಗಿಳಿದ ಮೇಲೆ ನಾದಿನಿಯ ಸರದಿ. ಮಧ್ಯಾಹ್ನ ಅಕ್ಕ ಮರಳನ್ನು ಸಮಮಾಡಿ, ತೀರಕ್ಕಿಳಿಯುವ ಮೆಟ್ಟಿಲ ಮೇಲೆ ಕಾವಲು ಕೂತಳು. ಸಿನಿಮಾದವರೆಲ್ಲ ಕ್ಯಾಮೆರಾವನ್ನು ಬಂಡೆಗಳ ಮರೆಯಲ್ಲಿ ಬಿಟ್ಟು ಊಟಕ್ಕೆಂದು ಹಿಂದಿನ ಬೀದಿಯ ಸಭಾಂಗಣಕ್ಕೆ ಹೋದರು. ನಾದಿನಿ ತನ್ನ ಅಭ್ಯಾಸದಂತೆ ಆಳ ಮತ್ತು ಸೆಳೆತ ನೋಡಲು ಬಂಡೆಗಳ ಕಡೆಯಿಂದ ನೀರಿಗಿಳಿದಿದ್ದಳು. ಅದನ್ನು ಯಾರೂ ಗಮನಿಸಲಿಲ್ಲ.

ಸ್ವಲ್ಪ ಹೊತ್ತಿಗೆ ಕೂಗು ಕೇಳಿತು.

ಕಡಲಂಚಿನ ತಡೆಗೋಡೆಯ ಮೇಲೆ ಕೂತಿದ್ದ ಊರವರು ತಲೆದೂಗಿದರು. "ಆಹಾ, ಪ್ರಾಣ ಹೋಗೋ ಹಾಗೇ ಕೂಗ್ತಾಳಲ್ಲ!"

"ಶ್! ಶಾಟ್ ನಡೀತಿದೆ."

ಸೈಕಲ್ಲಿನವನು ಕಾಲು ಊರಿ ನಿಂತ. ಸಿನಿಮಾದವರು ಊಟ ಮುಗಿಸಿ ಬಂದರೆಂದುಕೊಂಡು ಅಕ್ಕನೂ ಅಭ್ಯಾಸಬಲದಿಂದ ಉಸಿರು ಬಿಗಿಹಿಡಿದಳು. ಎರಡನೆಯ ಕೂಗು. ಅವಳ ಕಣ್ಣು ತನ್ನ ಮರಳಿನ ಮೇಲೆ ಹರಿಯಿತು. ಅದು ಬಿಟ್ಟಾಗ ಹೇಗಿತ್ತೋ ಹಾಗೇ ಇತ್ತು. ಒಂದು ಗೆರೆಯಿಲ್ಲ, ಒಂದು ಹೆಜ್ಜೆಯಿಲ್ಲ.

ನಾಯಕಿ ನಡೆದೇ ಇಲ್ಲ. ಹಾಗಾದರೆ ಶಾಟ್ ಎಲ್ಲಿಯದು?

ಎದ್ದವಳೇ ನೇರವಾಗಿ ಮರಳಿನ ಮೇಲೇ ಓಡಿದಳು, ಆಚೆ ತುದಿಯ ದಕ್ಕೆಯತ್ತ.

"ಹೀರೋ! ದೋಣಿ ಬಿಡೋ! ಅವಳು ನಿಜವಾಗ್ಲೂ ಮುಳುಗ್ತಿದಾಳೆ!"

"ಮತ್ತೆ ನನ್ನ ಮಾನ ಕಳೀಬೇಡ ಅಕ್ಕ. ಒಂದ್ಸಲ ಸಾಕಾಗಿದೆ."

"ಮರಳು ನೋಡೋ, ಮಂಕೇ! ಹೀರೋಯಿನ್ನು ಏನು ಹಾರ್ಕೊಂಡು ಹೋದ್ಲಾ?"

ಅವನು ನೋಡಿದ. ಆ ನುಣುಪಿನ ಉದ್ದಕ್ಕೂ ಅಕ್ಕನ ಹೆಜ್ಜೆಗಳು ಮಾತ್ರ. ಹಗ್ಗ ಬಿಚ್ಚಿ ಹುಟ್ಟು ಹಾಕಿದ. ಅಕ್ಕ ಮೊಳಕಾಲುದ್ದ ನೀರಿನಲ್ಲಿ ನಿಂತು ನೋಡಿದಳು. ಅಲೆಗಳ ನಡುವೆ ಒಂದು ಕೈ ಕಾಣುತ್ತಿತ್ತು, ಮರೆಯಾಗುತ್ತಿತ್ತು. ಕೊನೆಗೆ ದೋಣಿ ಒಂದು ಕಡೆಗೆ ವಾಲಿತು. ಹೀರೋ ಬಾಗಿ, ರಟ್ಟೆ ಹಿಡಿದು, ಅವಳನ್ನು ಒಳಕ್ಕೆ ಎಳೆದುಕೊಂಡ.

ದಡಕ್ಕೆ ಬಂದವಳು ಹೊಟ್ಟೆಯಲ್ಲಿದ್ದ ಉಪ್ಪುನೀರನ್ನೆಲ್ಲ ಕಕ್ಕಿದಳು. ಮೀನಖಂಡ ಹಿಡಿದುಕೊಂಡಿತ್ತು; ಕಾಲು ಇನ್ನೂ ಮರಗಟ್ಟಿಕೊಂಡೇ ಇತ್ತು. ಅಕ್ಕ ಅದನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕಿದಳು, ತಿಕ್ಕುತ್ತಲೇ ಬೈದಳು, ಬೈಯುತ್ತಲೇ ಅತ್ತಳು. ಹೀರೋ ಸುತ್ತಮುತ್ತ ಅನುಮಾನದಿಂದ ನೋಡಿ ಕೇಳಿದ: "ಯಾರೂ ಕಟ್ ಅಂದಿಲ್ಲ ತಾನೇ?"

ನಾದಿನಿಗೆ ಕೆಮ್ಮಿನ ನಡುವೆಯೇ ನಗು ಬಂತು. ಆ ನಗು ಕೇಳಿದ ಮೇಲೆ ತಡೆಗೋಡೆಯವರೂ ತಡೆದಿದ್ದ ಉಸಿರು ಬಿಟ್ಟರು.

ಊಟ ಬಿಟ್ಟು ದಕ್ಕೆಯ ದಾರಿಯಿಂದ ಓಡಿಬಂದ ನಿರ್ದೇಶಕರು ವಿಷಯ ಕೇಳಿ, ಅಲ್ಲೇ ಕುಕ್ಕರಿಸಿದರು. "ಇವತ್ತಿಗೆ ಸಾಕು," ಎಂದರು. ಸಹಾಯಕನೊಬ್ಬ ಮಾತ್ರ, ನಾಳೆಯ ಚಿಂತೆಯಲ್ಲಿ, ಹಲಗೆ ತಂದು ಅಕ್ಕನ ಪಕ್ಕ ಇಟ್ಟ.

ಆಗಲೇ ಅಕ್ಕ ತಿರುಗಿ ನೋಡಿದ್ದು. ಮೆಟ್ಟಿಲಿನಿಂದ ನೀರಿನವರೆಗೆ ಅವಳದೇ ಹೆಜ್ಜೆಗಳು. ಮೂವತ್ತು ವರ್ಷಗಳಲ್ಲಿ ಆ ಮರಳಿನ ಮೇಲೆ ಅವಳು ಅವನ್ನು ಕಂಡದ್ದು ಅದೇ ಮೊದಲು.

"ನಿನ್ನವಾ ಅತ್ತಿಗೆ?" ನಾದಿನಿ ಹೊದಿಕೆಯೊಳಗಿಂದ ಇಣುಕಿದಳು. "ಥೇಟ್ ಬಾತುಕೋಳಿ!"

"ಬಾಯ್ಮುಚ್ಚು. ಜ್ವರ ನೋಡು, ಇನ್ನೂ ಇಳಿದಿಲ್ಲ."

"ಅಳಿಸಲ್ವಾ?"

"ನಾಳೆ ಅಳಿಸಿದ್ರಾಯ್ತು."

ಹಲಗೆಯನ್ನು ಅಲ್ಲೇ ಬಿಟ್ಟು, ನಾದಿನಿಯ ತೋಳನ್ನು ತನ್ನ ಹೆಗಲಿಗೆ ಹಾಕಿಕೊಂಡು ಅಕ್ಕ ಎದ್ದಳು. ಇಬ್ಬರೂ ಮರಳಿನ ನಟ್ಟನಡುವೆ, ಮುಂದಕ್ಕೆ ನೋಡುತ್ತ, ಮನೆಗೆ ನಡೆದರು.