ಅವ್ವ ಗೇಟಿನ ಬಳಿ ಕೂತಿದ್ದ ದಿನ

ಪುಣೆಯ ಕೋಥರೂಡದಲ್ಲಿ ನನಗೆ ಮನೆ ಸಿಕ್ಕಿದ್ದು ಫೋನಿನಲ್ಲಿ ಮಾತಾಡಿದ್ದರಿಂದ. ಅದಕ್ಕೂ ಮೊದಲು ನೋಡಿದ ಮನೆಗಳಲ್ಲೆಲ್ಲ ನಾನು ಬಾಗಿಲಿಗೆ ಹೋಗಿ ನಿಂತ ಮೇಲೆಯೇ ಮಾಲೀಕರಿಗೆ ಬರಲಿರುವ ನೆಂಟರು ನೆನಪಾಗುತ್ತಿದ್ದರು, ಇಲ್ಲವೇ ಗೋಡೆಗೆ ಬಣ್ಣ ಬಳಿಸುವ ಕೆಲಸ ನೆನಪಾಗುತ್ತಿತ್ತು. ಈ ಸಲ ಮುಖ ತೋರಿಸುವ ಮೊದಲು ಮಾತಾಡೋಣ ಅಂದುಕೊಂಡು ಮರಾಠಿಯಲ್ಲಿ ಶುರು ಮಾಡಿದೆ. ಆ ಕಡೆಯ ಹೆಂಗಸು ನಡುವೆ ಒಮ್ಮೆ, "ಅಯ್ಯ, ಹಾಲ ಉಕ್ಕಿ ಹೋತು" ಅಂದರು. ನಾನೂ ಕನ್ನಡಕ್ಕೆ ಹೊರಳಿದೆ.

"ನಮ್ಮ ಕಡೆಯವರೇನ್ರಿ ನೀವು?" ದನಿಯೇ ಬದಲಾಯಿತು. "ಎಲ್ಲಿ ಆತು ನಿಮ್ಮದು?"

"ಹಳಿಯಾಳದ ಕಡೆ ರೀ. ಓದಿದ್ದೆಲ್ಲಾ ಧಾರವಾಡದಾಗ. ಇಲ್ಲೆ ಒಂದು ಕ್ಲಿನಿಕ್ಕಿನಾಗ ಫಿಸಿಯೋಥೆರಪಿಸ್ಟ್ ಇದ್ದೀನಿ."

"ಹಂಗಾರ ಇನ್ನೇನ ಕೇಳೂದದ? ಬಂದಬಿಡ್ರಿ. ಮನಿ ನಿಮ್ಮದಽ ಅಂತ ತಿಳ್ಕೋರಿ."

ಅವರು ಮೂರನೆಯ ಮಹಡಿಯಲ್ಲಿದ್ದರು. ಪಕ್ಕದ ಸಣ್ಣ ಫ್ಲ್ಯಾಟೂ ಅವರದೇ. ಬಾಗಿಲು ತೆರೆದವರು ನನ್ನನ್ನು ನೋಡಿದರು, ಆಮೇಲೆ ನನ್ನ ಹೆಗಲಾಚೆ ಮೆಟ್ಟಿಲ ಕಡೆ ನೋಡಿದರು. ಫೋನಿನಲ್ಲಿ ಮಾತಾಡಿದ ಹುಡುಗಿ ಹಿಂದೆ ಬರುತ್ತಿದ್ದಾಳೆ ಅಂದುಕೊಂಡಿರಬೇಕು. ನನ್ನನ್ನು ಇಂಗ್ಲಿಷಿನಲ್ಲಿ ಯಾರು ಬೇಕೆಂದು ಕೇಳಿದರು.

"ಕಾಕು, ಫೋನ್ ಮಾಡಿದಾಕಿ ನಾನಽ."

ನಾನು ಸಿದ್ದಿ. ನಮ್ಮ ಹಿರಿಯರನ್ನು ಕೆಲವು ನೂರು ವರ್ಷಗಳ ಹಿಂದೆ ಪೋರ್ಚುಗೀಸರು ಆಫ್ರಿಕಾದಿಂದ ಹಡಗಿನಲ್ಲಿ ತಂದು ಗೋವೆಯಲ್ಲಿ ಮಾರಿದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಇದನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ನಾಲ್ಕರಲ್ಲೂ ಒಂದೇ ಅಳತೆಯ ವಾಕ್ಯಗಳು ನನ್ನ ಬಾಯಲ್ಲಿ ತಯಾರಿರುತ್ತವೆ. ಕಾಕುವಿನ ಹಾಲ್‌ನಲ್ಲಿ ಕೂತು ಅದನ್ನೇ ಇನ್ನೊಮ್ಮೆ ಹೇಳಿದೆ. ಅವರು ಗಮನವಿಟ್ಟು ಕೇಳಿದರು. ಕೊನೆಗೆ, "ಅಲ್ಲಾ, ಆದ್ರೂ ಕನ್ನಡ ಭಾಳ ಛಲೋ ಮಾತಾಡ್ತಿ ನೋಡು" ಅಂದರು. ಫೋನಿನಲ್ಲಿದ್ದ 'ರೀ' ಅಷ್ಟರಲ್ಲಿ ಹೋಗಿತ್ತು. ಅದು ಸಲುಗೆಯೋ ಬೇರೇನೋ ನನಗೆ ಗೊತ್ತಾಗಲಿಲ್ಲ, ತಿಳಿದುಕೊಳ್ಳುವ ಗೋಜಿಗೂ ಹೋಗಲಿಲ್ಲ.

ಮನೆ ಕೊಟ್ಟರು. ಅಪಾರ್ಟ್‌ಮೆಂಟಿನ ಸೊಸೈಟಿಯವರಿಗೆ ತಾವೇ ತಿಳಿಸಿ ಹೇಳುವುದಾಗಿಯೂ ಅಂದರು. ಮರುದಿನ ಸೊಸೈಟಿಯ ವಾಟ್ಸಪ್ ಗುಂಪಿಗೆ ನನ್ನ ಆಧಾರ್ ಕಾರ್ಡಿನ ಫೋಟೋ ಹಾಕಿದ್ದರು, ಮೇಲೊಂದು ಸಾಲು: ಹೊಸ ಬಾಡಿಗೆಯವಳು, ಭಾರತೀಯಳು, ನಮ್ಮ ಕರ್ನಾಟಕದವಳು, ಯಾರೂ ಗಾಬರಿಯಾಗಬೇಡಿ. ನನಗದನ್ನು ಸಂತೋಷದಿಂದಲೇ ತೋರಿಸಿದರು. ಕೆಳಗೆ ಹಲವರು ಕೈಮುಗಿದ ಚಿತ್ರ ಕಳಿಸಿದ್ದರು. ನಾನು ಥ್ಯಾಂಕ್ಸ್ ಹೇಳಿದೆ.

ಕಾಕು ಕೆಟ್ಟವರಲ್ಲ. ಜ್ವರ ಬಂದಾಗ ಗಂಜಿ ಮಾಡಿಕೊಟ್ಟಿದ್ದಾರೆ. ಹೋಳಿಗೆ ಮಾಡಿದ ದಿನ ಮೊದಲ ತಟ್ಟೆ ನನಗೇ ಬರುತ್ತದೆ. ಅವರ ಮೊಣಕಾಲಿಗೆ ವ್ಯಾಯಾಮ ಹೇಳಿಕೊಟ್ಟವಳು ನಾನು. ಸಂಜೆ ಹೊತ್ತು ಸೋಫಾದ ಮೇಲೆ ಕಾಲು ಚಾಚಿ ಮಾಡುತ್ತ ಧಾರವಾಡದ ಸುದ್ದಿ ಹೇಳುತ್ತಿರುತ್ತಾರೆ. ಮದುವೆಯಾಗಿ ಪುಣೆಗೆ ಬಂದ ಹೊಸತರಲ್ಲಿ ಇಲ್ಲಿನವರು ಅವರ ಮರಾಠಿ ಕೇಳಿ ನಗುತ್ತಿದ್ದರಂತೆ. "ನಾ ಬಾಯಿ ತಗದ್ರ ಸಾಕು, ಹೊಟ್ಟಿ ಹಿಡಕೊಂಡು ನಗತಿದ್ರು" ಎಂದು ಅವರು ಹೇಳುವಾಗ ಇಷ್ಟು ವರ್ಷಗಳ ನಂತರವೂ ಮುಖ ಸಣ್ಣದಾಗುತ್ತದೆ.

ಹೊರಗಿನ ದಿನಗಳು ಅವುಗಳ ಪಾಡಿಗೆ ನಡೆದಿದ್ದವು. ಲಿಫ್ಟಿನಲ್ಲಿ ನಾನಿದ್ದರೆ ಕೆಲವರಿಗೆ ಇದ್ದಕ್ಕಿದ್ದಂತೆ ಮೆಟ್ಟಿಲು ಹತ್ತುವ ಹುಮ್ಮಸ್ಸು ಬರುತ್ತಿತ್ತು. ತರಕಾರಿಯವಳು ನನಗೆ ಮಾತ್ರ ಇಂಗ್ಲಿಷಿನಲ್ಲಿ ದರ ಹೇಳುತ್ತಿದ್ದಳು. ಕ್ಲಿನಿಕ್ಕಿನಲ್ಲಿ ಒಬ್ಬ ರೋಗಿ ಬೇರೆಯವರ ಕೈಯಲ್ಲಿ ಚಿಕಿತ್ಸೆ ಬೇಕೆಂದಾಗ ನಮ್ಮ ಹಿರಿಯ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಮನಸ್ಸಿಗೆ ಹಚ್ಚಿಕೊಳ್ಳಬೇಡ, ಅವರಿಗೆ ವಯಸ್ಸಾಗಿದೆ ಅಂದರು. ಆ ರೋಗಿಗೆ ನನಗಿಂತ ಹೆಚ್ಚು ವಯಸ್ಸೇನೂ ಆಗಿರಲಿಲ್ಲ. ಹಚ್ಚಿಕೊಳ್ಳಲು ನನ್ನಲ್ಲೂ ಏನೂ ಉಳಿದಿರಲಿಲ್ಲ. ಮೊದಲೆಲ್ಲ ಎದೆ ಉರಿಯುತ್ತಿತ್ತು. ಆಮೇಲೆ ಉರಿಯೂ ಇಲ್ಲ, ಬರೀ ಒಂದು ದಣಿವು. ಮನೆಗೆ ಬಂದು ಅನ್ನಕ್ಕಿಟ್ಟು ಫೋನು ನೋಡುತ್ತ ಕೂತುಬಿಡುತ್ತಿದ್ದೆ.

ನಮ್ಮ ಸೊಸೈಟಿಯ ಬಿ ವಿಂಗಿನಲ್ಲಿ ಟಾಂಜಾನಿಯಾದಿಂದ ಓದಲು ಬಂದ ಮೂವರು ಹುಡುಗಿಯರಿದ್ದರು. ಅವರ ಬಗ್ಗೆ ಕಾಕು ನನ್ನ ಮುಂದೆ ಧಾರಾಳವಾಗಿ ಮಾತಾಡುತ್ತಿದ್ದರು. ಅವರ ಮನೆಯಿಂದ ಏನೋ ವಾಸನೆ, ಅವರ ಮನೆಗೆ ಯಾರ‍್ಯಾರೋ ಬರುತ್ತಾರೆ. "ನೀ ಅವರಂಗ ಅಲ್ಲ ಬಿಡು" ಅನ್ನುತ್ತಿದ್ದರು, ಹೊಗಳಿದಂತೆ. ಆ ಹುಡುಗಿಯರೂ ನಾನೂ ಗೇಟಿನಲ್ಲಿ ಎದುರಾದರೆ ತಲೆಯಾಡಿಸುತ್ತಿದ್ದೆವು, ಅಷ್ಟೇ.

ಅವ್ವ ನನ್ನನ್ನು ನೋಡಲು ಪುಣೆಗೆ ಬಂದದ್ದು ಅದೇ ಮೊದಲು. ಮೊಣಕೈ ನೋವು ಎನ್ನುತ್ತಿದ್ದಳು, ನಾನೇ ನೋಡುತ್ತೇನೆ ಬಾ ಅಂದಿದ್ದೆ. ಸಂಜೆ ಬಸ್ಸಿಳಿದು ನನ್ನ ಜೊತೆ ಮನೆಗೆ ಬಂದಳು. ಕಾಕು ಅಂದು ಹಿಂಜವಾಡಿಯಲ್ಲಿರುವ ಮಗಳ ಮನೆಗೆ ಹೋಗಿದ್ದರು, ಭೇಟಿಯಾಗಲಿಲ್ಲ. ಮರುದಿನ ನಾನು ಕೆಲಸಕ್ಕೆ ಹೋಗುವಾಗ ಅವ್ವ ನೆಲ ಒರೆಸುತ್ತಿದ್ದಳು. ಬೇಡ ಅಂದರೂ ಕೇಳಲಿಲ್ಲ.

ಮಧ್ಯಾಹ್ನ, ಮಗಳ ಮನೆಯಿಂದ ಮರಳಿದ್ದ ಕಾಕುವಿನ ಫೋನು ಕ್ಲಿನಿಕ್ಕಿಗೆ ಬಂತು. ಗ್ಯಾಸ್ ಸಿಲಿಂಡರಿನವನು ಬಂದಿದ್ದಾನೆ, ನಿನಗೂ ಬೇಕೇ ಅಂತ ಕೇಳಲು ಮಾಡಿದ್ದರು. ಬೇಡ ಅಂದೆ. ಇಡುವ ಮೊದಲು ಸಹಜವಾಗಿ ಹೇಳಿದರು:

"ಕೆಳಗ ಗೇಟಿನ ಬಾಜೂಕ ಯಾರೋ ಆಫ್ರಿಕಾದಾಕಿ ಕೂತಾಳ ನೋಡು. ಬಿ ವಿಂಗಿನವರ ಪೈಕಿ ಇರಬೇಕು. ಬಿಸಲಾಗ ಕೂತಬಿಟ್ಟಾಳ, ಪಾಪ. ಸೀರಿ ಬ್ಯಾರೆ ಉಟ್ಕೊಂಡಾಳ."



"ಸೀರಿ ಯಾವ ಬಣ್ಣದ್ದು, ಕಾಕು?"

"ಹಸರು. ಯಾಕ?"

ಸ್ಕೂಟರಿನಲ್ಲಿ ಹೋಗುವಾಗ ಏನು ಯೋಚಿಸಿದೆ ಎಂದು ಈಗ ನೆನಪಿಸಿಕೊಳ್ಳಲು ನೋಡಿದರೆ ಏನೂ ಸಿಗುವುದಿಲ್ಲ. ಸಿಗ್ನಲ್ಲುಗಳಲ್ಲಿ ನಿಂತೆ. ಹಸಿರು ಬಂದ ಮೇಲೆ ಹೊರಟೆ.

ಅವ್ವ ವಾಚ್‌ಮನ್ ಗೂಡಿನ ಹೊರಗೆ, ಕಾಂಪೌಂಡಿನ ಕಟ್ಟೆಯ ಮೇಲೆ ಕೂತಿದ್ದಳು. ಮಡಿಲಲ್ಲಿ ಬಾಡಿದ ಕೊತ್ತಂಬರಿ ಕಟ್ಟು. ಪಕ್ಕದಲ್ಲಿ ಬಿ ವಿಂಗಿನ ಹುಡುಗಿಯರಲ್ಲಿ ಎತ್ತರದವಳು ಛತ್ರಿ ಹಿಡಿದು ಕೂತಿದ್ದಳು. ಛತ್ರಿಯ ಹೆಚ್ಚಿನ ನೆರಳು ಅವ್ವನ ಮೇಲಿತ್ತು.

ಆದದ್ದು ಇಷ್ಟು. ಅವ್ವ ಕೊತ್ತಂಬರಿ ತರಲು ಕೆಳಗಿಳಿದಿದ್ದಳು, ಫೋನು ಮೇಲೆಯೇ ಬಿಟ್ಟು. ವಾಪಸ್ಸು ಬಂದಾಗ ವಾಚ್‌ಮನ್ ತಡೆದ. ಯಾರ ಮನೆ ಎಂದು ಹಿಂದಿಯಲ್ಲಿ ಕೇಳಿದ. ಅವ್ವನಿಗೆ ಹಿಂದಿ ಬಾರದು, ಫ್ಲ್ಯಾಟಿನ ನಂಬರು ನೆನಪಿರಲಿಲ್ಲ. ಮಗಳ ಮನೆ ಮೇಲಿದೆ ಎಂದು ನಮ್ಮ ಮನೆಮಾತಿನಲ್ಲಿ ಹೇಳಿದಳು. ಸೊಸೈಟಿಯ ಸೆಕ್ರೆಟರಿ ಬಂದು ಇಂಗ್ಲಿಷಿನಲ್ಲಿ ಪಾಸ್‌ಪೋರ್ಟ್ ಕೇಳಿದರು. ನಮ್ಮ ಮನೆಮಾತು ಕೊಂಕಣಿ, ಮರಾಠಿ, ಕನ್ನಡ ಕಲೆತದ್ದು. ನಿಧಾನವಾಗಿ ಕೇಳಿದರೆ ಮರಾಠಿಯವರಿಗೆ ಅರ್ಧಕ್ಕಿಂತ ಹೆಚ್ಚು ತಿಳಿಯುತ್ತದೆ. ಅವರಿಗೆ ತಿಳಿಯಲಿಲ್ಲ. ಆಫ್ರಿಕಾದ ಯಾವುದೋ ಭಾಷೆ ಎಂದುಕೊಂಡು, ವಾಚ್‌ಮನ್‌ನನ್ನು ಬಿ ವಿಂಗಿಗೆ ಕಳಿಸಿ ಆ ಹುಡುಗಿಯನ್ನು ಕರೆಸಿದರು: ನಿಮ್ಮವರು ಬಂದಿದ್ದಾರೆ, ಕರೆದುಕೊಂಡು ಹೋಗು.

"ಇವರು ನನ್ನ ಚಿಕ್ಕಮ್ಮ ಇರಬೇಕು ಅಂದರು" ಎಂದು ಆ ಹುಡುಗಿ ಇಂಗ್ಲಿಷಿನಲ್ಲಿ ನನಗೆ ಹೇಳಿದಳು. "ಅಲ್ಲ, ಭಾರತದವರು ಅಂತ ಹೇಳಿದೆ. ಅವರು ನಂಬಲಿಲ್ಲ. ನಮ್ಮ ಮನೆಗೆ ಕರೆದೆ, ಇವರು ಬರಲಿಲ್ಲ. ಸರಿ, ಚಿಕ್ಕಮ್ಮನ ಜೊತೆ ಕಾಯೋಣ ಅಂತ ಕೂತೆ."

ನಗುತ್ತಲೇ ಹೇಳಿದಳು. ತರಗತಿ ತಪ್ಪಿತೇ ಎಂದು ಕೇಳಿದೆ. ಹೆಗಲು ಕುಣಿಸಿ ಛತ್ರಿ ಮಡಚಿದಳು. ಅವ್ವ ಏಳುವಾಗ ಅವಳ ಕೈ ಹಿಡಿದು ಎದ್ದಳು, ಎದ್ದ ಮೇಲೆ ಅವಳ ಕೆನ್ನೆ ಮುಟ್ಟಿದಳು.

ಮನೆಯೊಳಗೆ ಬಂದ ಮೇಲೆ ಅವ್ವ ಕೊತ್ತಂಬರಿಯನ್ನು ನೀರಿನಲ್ಲಿ ಹಾಕಿಟ್ಟಳು.

"ಜಗಳಾ ಮಾಡಬ್ಯಾಡ," ಅಂದಳು. "ಇಲ್ಲಿ ಇರಾಕಿ ನೀ."

"ಮಾಡೂದಿಲ್ಲ."

"ಅವರೇನ ಹೊಡದಿಲ್ಲ ಬಡದಿಲ್ಲ. ಕೂಡ್ರು ಅಂದ್ರು, ಕೂತೆ."

ಸಂಜೆ ಕಾಕು ಬಂದರು. ಸುದ್ದಿ ಅಷ್ಟರಲ್ಲಿ ಗುಂಪಿನಲ್ಲಿ ಬಂದಿತ್ತು. ಬಾಗಿಲಲ್ಲೇ ನಿಂತು ಅವ್ವನ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು, ಅದು ಸುಳ್ಳಲ್ಲ.

"ನಾನಽ ಬಾಜೂಕಿಂದ ಹಾದು ಬಂದೆನ್ರಿ. ಸೀರಿ ನೋಡಿದೆ. ಹಣಿ ಮ್ಯಾಲಿನ ಕುಂಕುಮಾನೂ ನೋಡಿದೆ. ದಿನಾ ನಿಮ್ಮ ಮಗಳ ಮಾರಿ ನೋಡ್ತೀನಿ. ಆದ್ರೂ ಹೊಳೀಲಿಲ್ಲ ನೋಡ್ರಿ. ಯಾಕ ಹೊಳೀಲಿಲ್ಲೋ ಏನೋ."

ಅವ್ವ ಅವರನ್ನು ಕೂರಿಸಿ ಚಹಾ ಮಾಡಿದಳು. ಇಬ್ಬರೂ ಹಳಿಯಾಳದ ಸಂತೆಯ ಬಗ್ಗೆ ಮಾತಾಡಿದರು. ಕಾಕುವಿನ ಅತ್ತೆಯ ತವರು ಅದೇ ಕಡೆಯಂತೆ. ಹೊರಡುವಾಗ ಕಾಕು ಮತ್ತೆ ಅಂದರು:

"ನಿಮ್ಮ ಅವ್ವ ಅಂತ ಗೊತ್ತಿದ್ರ ಹಿಂಗ ಆಗ್ತಿರಲಿಲ್ಲ."

"ಗೊತ್ತಿಲ್ಲದಿದ್ರೂ ಆಗಬಾರದಿತ್ತು, ಕಾಕು" ಅಂದೆ. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಅನಿಸಿತು. ಕಾಕು, "ಹೌದವಾ, ಅದೂ ಖರೇನ" ಎಂದು ತಲೆಯಾಡಿಸಿದರು. ಆಮೇಲೆ ಅವ್ವನ ಒಂದು ಫೋಟೋ ತೆಗೆದು ಗುಂಪಿಗೆ ಹಾಕಿಬಿಡಲೇ, ಎಲ್ಲರಿಗೂ ಗುರುತಾಗುತ್ತದೆ ಎಂದು ಫೋನು ಎತ್ತಿದರು. ಅವ್ವ ಸೆರಗು ಸರಿಮಾಡಿಕೊಳ್ಳಲು ಹೊರಟಳು.

"ಬ್ಯಾಡ" ಅಂದೆ.

"ಒಳ್ಳೇದಕ್ಕಽ ಹೇಳಾಕತ್ತೀನಿ ನಾ."

"ಗೊತ್ತದ, ಕಾಕು. ಬ್ಯಾಡ."

ಮರುದಿನ ಸೆಕ್ರೆಟರಿಯ ಮನೆಗೆ ಹೋದೆ. ನಿವೃತ್ತರು, ಸಭ್ಯರು. ಕೂರಲು ಹೇಳಿದರು. ಗೊಂದಲವಾಯಿತು, ವಾಚ್‌ಮನ್ ಹೊಸಬ, ಬಿ ವಿಂಗಿನ ಕಾರಣಕ್ಕೆ ನಾವು ಎಚ್ಚರವಾಗಿರಬೇಕಾಗುತ್ತದೆ ಎಂದು ಮರಾಠಿಯಲ್ಲಿ ವಿವರಿಸಿದರು.

"ಬಿ ವಿಂಗಿನವರು ಏನು ಮಾಡಿದ್ದಾರೆ?" ಎಂದು ಕೇಳಿದೆ.

"ಹಾಗೆ ಏನೂ ಮಾಡಿಲ್ಲ" ಅಂದರು. ಮತ್ತೆ, "ಆದರೂ" ಅಂದರು.

ಅಷ್ಟು ಹೊತ್ತು ನನ್ನ ತಾಯಿಗೆ ಛತ್ರಿ ಹಿಡಿದು ಕೂತವಳು ಬಿ ವಿಂಗಿನವಳೇ ಎಂದು ಹೇಳಿದೆ. ನಿಮ್ಮ ಸೊಸೈಟಿಯ ಬೇರೆ ಯಾರೂ ಒಂದು ಲೋಟ ನೀರು ಕೊಟ್ಟಿಲ್ಲ ಅಂತಲೂ ಹೇಳಿದೆ. ಅವರು ನೆಲ ನೋಡುತ್ತ, ಆ ಹುಡುಗಿ ಒಳ್ಳೆಯವಳೇ ಎಂದು ಒಪ್ಪಿದರು. ಅವ್ವನಿಗೊಂದು ಗುರುತಿನ ಚೀಟಿ ಮಾಡಿಸಿಕೊಡುತ್ತೇವೆ, ಕೊರಳಿಗೆ ಹಾಕಿಕೊಂಡರೆ ಯಾರೂ ತಡೆಯುವುದಿಲ್ಲ ಎಂದರು. ಇಲ್ಲಿ ಉಳಿದ ಯಾರ ತಾಯಿಯ ಕೊರಳಲ್ಲಿ ಚೀಟಿ ಇದೆ ಎಂದು ಕೇಳಿದೆ. ಅವರ ಹೆಂಡತಿ ತಂದಿಟ್ಟ ಶರಬತ್ತನ್ನು ಕುಡಿಯದೆ ಎದ್ದು ಬಂದೆ.

ಅವ್ವ ಎರಡು ವಾರ ಇರಲು ಬಂದವಳು ವಾರ ತುಂಬುವ ಮೊದಲೇ ಹೊರಟಳು. ಎಮ್ಮೆ ಈಯುವುದಿದೆ ಅಂದಳು. ಇದ್ದಷ್ಟು ದಿನ ಕೆಳಗೆ ಇಳಿಯಲಿಲ್ಲ. ಹೋಗುವ ಹಿಂದಿನ ದಿನ ಮಾತ್ರ ನನ್ನ ಜೊತೆ ಬಿ ವಿಂಗಿಗೆ ಬಂದು, ಡಬ್ಬಿಯಲ್ಲಿ ತಂದಿದ್ದ ರವೆ ಉಂಡಿಗಳನ್ನು ಆ ಹುಡುಗಿಗೆ ಕೊಟ್ಟಳು. ಅವಳು ಅಲ್ಲೇ ಒಂದು ತಿಂದು, ಕಣ್ಣರಳಿಸಿ, ತನ್ನ ಭಾಷೆಯಲ್ಲಿ ಏನೋ ಅಂದಳು. ಅವ್ವ ನಮ್ಮ ಮಾತಿನಲ್ಲಿ ಏನೋ ಅಂದಳು. ಯಾರೂ ನನ್ನನ್ನು ಅನುವಾದ ಕೇಳಲಿಲ್ಲ.

ಕೆಲವು ತಿಂಗಳ ನಂತರ ಆ ಹುಡುಗಿಯರ ಬಾಡಿಗೆ ಕರಾರು ಮುಗಿಯಿತು. ಇನ್ನು ಮುಂದೆ ಸಂಸಾರಸ್ಥರಿಗೆ ಮಾತ್ರ ಮನೆ ಎಂದು ಸೊಸೈಟಿ ತೀರ್ಮಾನ ಮಾಡಿತು. ಮದುವೆಯಾಗದ ನನಗೂ ಅದು ಅನ್ವಯಿಸುತ್ತದೆಯೇ ಎಂದು ಕಾಕುವನ್ನು ಕೇಳಿದೆ. "ನಿನಗ ಯಾರೂ ಏನೂ ಅನ್ನೂದಿಲ್ಲ, ನಾ ಇದ್ದೀನಲ್ಲ" ಅಂದರು. ಆ ಸಭೆಯಲ್ಲಿ ಅವರೂ ಕೈ ಎತ್ತಿದ್ದರು. ಆ ಹುಡುಗಿಯರ ಸಾಮಾನು ಟೆಂಪೋಗೆ ಏರಿಸುವಾಗ ನಾನು ರಜೆ ಹಾಕಿ ಕೈಜೋಡಿಸಿದೆ. ಹೊಸ ಮನೆ ಎಲ್ಲಿ ಎಂದರೆ, ಸದ್ಯಕ್ಕೆ ಗೆಳತಿಯ ಕೋಣೆ, ಆಮೇಲೆ ನೋಡಬೇಕು ಎಂದಳು ಎತ್ತರದವಳು. ಕಾಕು ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದರು. ನಮ್ಮನ್ನು ನೋಡಿ ಕೈ ಬೀಸಿದರು. ಅವಳೂ ಬೀಸಿದಳು.

ನಾನು ಇನ್ನೂ ಅದೇ ಮನೆಯಲ್ಲಿದ್ದೇನೆ. ಬೇರೆ ಮನೆ ಹುಡುಕುವುದೆಂದರೆ ಮತ್ತೆ ಬಾಗಿಲುಗಳ ಮುಂದೆ ನಿಲ್ಲಬೇಕು. ಕಾಕುವಿನ ಮೊಣಕಾಲು ಈಗ ಸುಧಾರಿಸಿದೆ, ಸಂಜೆ ತೋಟದವರೆಗೆ ನಡೆದು ಬರುತ್ತಾರೆ.

ಮೊನ್ನೆ ಅವ್ವನಿಗೆ ಫೋನ್ ಮಾಡಿದಾಗ, ಮತ್ತೆ ಯಾವಾಗ ಬರುತ್ತೀ ಎಂದು ಕೇಳಿದೆ.

"ಬರೂಣಂತ ತಗೋ" ಅಂದಳು. ಆಮೇಲೆ, "ಆ ಛತ್ರಿ ಹುಡುಗಿ ಹೆಂಗದಾಳ?"

"ಮನಿ ಬಿಟ್ಟು ಹೋದ್ಲವಾ."

"ಎಲ್ಲಿಗೆ?"

"ಗೊತ್ತಿಲ್ಲ. ಫೋನ್ ಹತ್ತವಲ್ದು."

ಅವ್ವನ ಹಿಂದೆ ಎಮ್ಮೆಕರು ಕೂಗುವುದು ಕೇಳಿಸುತ್ತಿತ್ತು. ಉಂಡೆಯಾ ಎಂದು ಕೇಳಿದಳು. ಉಂಡೆ ಅಂದೆ.