ಒಂದು ತೆನೆಗೆ ನೂರು ಕಾಳು

ಜಗಳೂರಿನ ಮೌಲಾನಾ ಖುದ್ದೂಸ್ ಸಾಹೇಬರು ಸತ್ತವರ ಮಾತನ್ನಷ್ಟೇ ನಂಬುವ ಹಠಮಾರಿ. ನಲವತ್ತು ವರ್ಷದಿಂದ ಕುರ್‌ಆನಿನ ಅರ್ಥ ಹೇಳುತ್ತಿದ್ದರೂ ತಮ್ಮದೆಂದು ಒಂದು ಮಾತು ಸೇರಿಸಿಲ್ಲ. ಯಾರೇ ಹೊಸ ಅರ್ಥ ಹೇಳಲಿ, "ಹೇಳ್ದೋರು ಯಾರು? ಅವರಿಗೆ ಹೇಳ್ದೋರು ಯಾರು?" ಎನ್ನುತ್ತಾರೆ. ಹೆಂಡತಿ ಸಾರಿಗೆ ಉಪ್ಪು ಹಾಕಿದ್ದೇನೆ ಎಂದರೂ ಸಾಕ್ಷಿ ಬೇಕು. ಮೊನ್ನೆ ಪಾಠದಲ್ಲಿ ಒಂದು ತೆನೆಗೆ ನೂರು ಕಾಳು ಎಂಬ ವಾಕ್ಯ ಬಂತು. ಅಂಥ ತೆನೆ ಉಂಟೇ ಎಂದು ಹಳೆಯ ವಿದ್ವಾಂಸರು ನಡೆಸಿದ ವಾದವನ್ನೆಲ್ಲ ಓದಿದರು. ಓದು ಬಾರದ ರೈತ ಹೆಂಗಸು, ಬಿಳಿಚೋಡಿನ ಹಾಜಿರಾಬಿ, ಹಿಂದಿನಿಂದ ಎದ್ದು, "ನಮ್ಮ ಸಜ್ಜೆ ತೆನೇಲಿ ನೂರೇನು, ಸಾವಿರ ಐತೆ ಹಜ್ರತ್. ನನ್ನ ಮಾತು ನಡೀತೈತಾ?" ಎಂದಳು. "ಎಣಿಸ್ದೋರು ಯಾರು?" "ನಾನೇ ರೀ." ಎಲ್ಲರೂ ನಕ್ಕರು. ಮೌಲಾನಾ ನಗಲಿಲ್ಲ. ಪುಸ್ತಕದ ಅಂಚಿನಲ್ಲಿ, ಆ ವಿದ್ವಾಂಸರ ಹೆಸರುಗಳ ಕೆಳಗೆ, ಬರೆದರು: "ಬಿಳಿಚೋಡಿನ ಹಾಜಿರಾಬಿ, ಕಣ್ಣಾರೆ ಕಂಡವರು."